ಏಳನೆಯ ಗುಳಿ

ಜಯನಗರ, ಬೆಂಗಳೂರು
9-7-1979

ಶ್ರೀ ಸಂಜೀವಯ್ಯನವರಿಗೆ,

ಪಾರ್ಸೆಲ್ ಶನಿವಾರ ತಲುಪಿತು. ಮರ ಒಳ್ಳೆಯದು, ನುಣುಪೂ ಚೆನ್ನಾಗಿದೆ. ಆದರೆ ಬಿಚ್ಚಿ ನೋಡಿದಾಗಿನಿಂದ ನನ್ನ ತಲೆ ಕೆಟ್ಟಿದೆ.

ಮೇ ತಿಂಗಳಲ್ಲಿ ಚನ್ನಪಟ್ಟಣದ ನಿಮ್ಮ ಮನೆಗೆ ನಾನೇ ಬಂದು, ನಕ್ಷೆ ಕೊಟ್ಟು, ಅರ್ಧ ಗಂಟೆ ಕೂತು ವಿವರಿಸಿದ್ದೆ. ನನ್ನದು ಚಿಕ್ಕ ಮಕ್ಕಳ ಮಾಂಟೆಸ್ಸೊರಿ ಶಾಲೆ, ಮನೆಯ ಮುಂದಿನ ಹಾಲಿನಲ್ಲೇ ನಡೆಸುತ್ತೇನೆ, ಅದಕ್ಕೆ ಬೇಕಾದ ಸಾಮಾನು ಎಂದಿದ್ದೆ. ಉದ್ದನೆಯ ಒಂದು ದಿಮ್ಮಿ. ಅದರಲ್ಲಿ ಸಾಲಾಗಿ ಹತ್ತು ಗುಳಿ. ಪ್ರತಿ ಗುಳಿಗೂ ಹಿಡಿಕೆಯಿರುವ ಒಂದೊಂದು ಸಿಲಿಂಡರ್. ಮೊದಲನೆಯದು ದಪ್ಪ, ಹತ್ತನೆಯದು ಸಣ್ಣ, ನಡುವಿನವು ಮೆಟ್ಟಿಲು ಇಳಿದ ಹಾಗೆ. ‘ಅಂಗಡೀಲಿ ತೂಕದ ಬಟ್ಟು ಇರ್ತಾವಲ್ಲ, ಹಂಗೆ ಅನ್ನಿ’ ಎಂದು ನೀವೇ ಅಂದಿರಿ. ಸರಿ, ಅರ್ಥವಾಯಿತು ಎಂದುಕೊಂಡು ಬಸ್ಸು ಹತ್ತಿದೆ.

ಈಗ ನೋಡಿದರೆ ಪ್ರತಿ ಬಟ್ಟಿನ ತಲೆಯ ಮೇಲೂ ಒಂದರಿಂದ ಹತ್ತರವರೆಗೆ ಅಂಕಿ ಕೊರೆದಿದ್ದೀರಿ. ಗುಳಿಯ ಪಕ್ಕದಲ್ಲೂ ಅದೇ ಅಂಕಿ. ಹಾಕಿ ಎಂದವರು ಯಾರು?

ನಮ್ಮಲ್ಲಿ ಸೀನು ಎಂಬ ನಾಲ್ಕು ವರ್ಷದ ಹುಡುಗನಿದ್ದಾನೆ. ಅವನ ತಾತ ಇಪ್ಪತ್ತರವರೆಗೆ ಅಂಕಿ ಗುರುತಿಸಲು ಹೇಳಿಕೊಟ್ಟಿದ್ದಾರೆ. ಅವನು ಬಟ್ಟಿನ ದಪ್ಪ ನೋಡಲೇ ಇಲ್ಲ. ಅಂಕಿಗೆ ಅಂಕಿ ಕೂರಿಸಿ, ಒಂದು ನಿಮಿಷದಲ್ಲಿ ಎದ್ದು, ‘ಆಂಟಿ, ಆಯ್ತು. ಹೊರಗೆ ಹೋಗ್ಲಾ?’ ಎಂದ. ಏನು ಕಲಿತ ಹೇಳಿ? ಬರೀ ಬಟ್ಟಾಗಿದ್ದರೆ ಸಣ್ಣದನ್ನು ದೊಡ್ಡ ಗುಳಿಗೆ ಹಾಕುತ್ತಿದ್ದ. ಕೊನೆಗೆ ಕೈಯಲ್ಲಿ ಒಂದು ಬಟ್ಟು ಉಳಿಯುತ್ತಿತ್ತು, ಅದಕ್ಕೆ ಗುಳಿ ಇರುತ್ತಿರಲಿಲ್ಲ. ಆಗ ಎಲ್ಲಿ ತಪ್ಪಿದೆ ಎಂದು ತಾನೇ ಹುಡುಕುತ್ತಿದ್ದ. ತಪ್ಪನ್ನು ನಾವು ತೋರಿಸಬಾರದು, ಸಾಮಾನೇ ತೋರಿಸಬೇಕು. ಇದಕ್ಕಾಗಿಯೇ ಇಷ್ಟು ಕಷ್ಟಪಟ್ಟು ಇದನ್ನು ಮಾಡಿಸುವುದು.

ದಿಮ್ಮಿಯನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಅಂಕಿ ತೆಗೆಯಿರಿ. ದಸರಾ ರಜೆ ಮುಗಿದ ಮೇಲೆ ಇನ್ನೂ ಎಂಟು ಮಕ್ಕಳು ಸೇರುತ್ತಾರೆ. ಇದೊಂದು ಸರಿಯಾದರೆ ಸೆಟ್ಟಿನ ಉಳಿದ ಮೂರು ದಿಮ್ಮಿಗಳೂ ನಿಮಗೇ. ಇಲ್ಲವಾದರೆ ಮದ್ರಾಸಿನಲ್ಲಿ ಮಾಡುವವರಿದ್ದಾರೆ.

ವಾರಿಜಾ


ಚನ್ನಪಟ್ಟಣ
17-7-1979

ಮೇಡಂ ಅವರಿಗೆ ಸಂಜೀವಯ್ಯ ಮಾಡುವ ನಮಸ್ಕಾರಗಳು. ಅಪ್ಪ ಹೇಳಿದ್ದನ್ನು ಮಗಳು ಅಣ್ಣಮ್ಮ ಬರೆದಿದ್ದೇನೆ. ನಾವೆಲ್ಲರೂ ಚೆನ್ನಾಗಿದ್ದೇವೆ.

ಮಕ್ಕಳಿಗೆ ಗೊಂದಲವಾಗಬಾರದು ಎಂದು ಅಂಕಿ ಹಾಕಿದ್ದು. ತಪ್ಪಾಗಿದ್ದರೆ ಕ್ಷಮಿಸಬೇಕು. ಅಂಕಿ ಉಜ್ಜಿ ತೆಗೆದು ಬೇರೆ ರೀತಿ ಮಾಡಿ ಕಳಿಸುತ್ತೇವೆ.

ಮದ್ರಾಸಿಗೆ ಕೊಡಬೇಡಿ. ಈಗ ನಮ್ಮಲ್ಲಿ ನಿಮ್ಮ ಕೆಲಸ ಒಂದೇ ಇರುವುದು. ಇದೂ ಹೋದರೆ ಮರ ಕಡೆಯುವ ನಮ್ಮ ಲೇತನ್ನು ಆಯುಧಪೂಜೆಗೆ ಮೊದಲೇ ತಮ್ಮ ಷೆಡ್ಡಿಗೆ ಸಾಗಿಸುತ್ತೇನೆ ಎಂದು ಚಿಕ್ಕಪ್ಪ ಹೇಳಿದ್ದಾರೆ. ‘ಸುಮ್ನೆ ನಿಂತಿರೋದಕ್ಕೆ ಕುಂಕುಮ ಯಾಕೆ’ ಎನ್ನುತ್ತಾರೆ. ಅಮ್ಮ ಅವರೊಂದಿಗೆ ಮಾತು ಬಿಟ್ಟಿದ್ದಾರೆ.

ನಕ್ಷೆಯಲ್ಲಿ ಬರೆದಿರುವ ಹಾಗೆಯೇ ಕಡೆದಿದೆ. ಅಳತೆಯನ್ನು ನೀವೂ ಒಮ್ಮೆ ನೋಡಿದರೆ ಒಳ್ಳೆಯದು ಎಂದು ಅಪ್ಪ ಹೇಳಿದರು.

ಸಂಜೀವಯ್ಯ


ಜಯನಗರ
6-8-1979

ಸಂಜೀವಯ್ಯನವರೇ,

ಅಂಕಿ ತೆಗೆಯಿರಿ ಎಂದರೆ ಬಣ್ಣ ಬಳಿಯಿರಿ ಎಂದು ಅರ್ಥವೇ?

ಕೆಂಪು ಗುಳಿಗೆ ಕೆಂಪು ಬಟ್ಟು, ಹಸಿರಿಗೆ ಹಸಿರು, ಹಳದಿಗೆ ಹಳದಿ. ಹತ್ತು ಬಣ್ಣ. ಅರಗಿನ ಬಣ್ಣ ಫಳಫಳ ಹೊಳೆಯುತ್ತಿದೆ, ಒಪ್ಪುತ್ತೇನೆ. ಕೆಲಸದಾಕೆ ತಿಮ್ಮಕ್ಕ ನೋಡಿ, ‘ಅಮ್ಮಾವ್ರೇ, ಇದನ್ನ ಗೊಂಬೆ ಕೂರಿಸೋವಾಗ ಇಡಬಹುದು’ ಎಂದಳು. ನಾನು ಗೊಂಬೆ ಕೂರಿಸಲು ಮಾಡಿಸಿದ್ದಲ್ಲ.

ಸೀತಾಲಕ್ಷ್ಮಿ ಎಂಬ ಹುಡುಗಿ ಹಳದಿ ಬಟ್ಟನ್ನು ಬಾಯಿಗೆ ಹಾಕಿಕೊಂಡು, ‘ಆಂಟಿ, ಇದು ಪೆಪ್ಪರಮೆಂಟಾ?’ ಎಂದಳು. ಸೀನು ಈ ಸಲ ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಬಣ್ಣಕ್ಕೆ ಬಣ್ಣ ಹಾಕಿ ಎದ್ದು, ಕಿಟಕಿಯ ಬಳಿ ರಾಗಿ ಸುರಿಯುತ್ತಿದ್ದ ಮಕ್ಕಳ ನಡುವೆ ನುಗ್ಗಿ ಎರಡು ಜಗ್ಗು ಕೆಡವಿದ. ಅದೇ ಹೊತ್ತಿಗೆ ಸೀತಾಲಕ್ಷ್ಮಿಯ ತಂದೆ ವೆಂಕಟಾಚಲ ಅವರು ಬಾಗಿಲಲ್ಲಿ ನಿಂತಿದ್ದರು. ‘ಏನ್ ಮೇಡಂ, ಚೆಲ್ಲೋದನ್ನ ಮನೇಲೇ ಚೆನ್ನಾಗಿ ಕಲ್ತಿದಾಳೆ. ಎ ಬಿ ಸಿ ಡಿ ಯಾವಾಗ?’ ಎಂದರು. ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ಸುರಿಯಲು ಕಲಿತ ಕೈ ನಾಳೆ ಅಕ್ಷರವನ್ನೂ ಹದವಾಗಿ ಬರೆಯುತ್ತದೆ ಎಂದು ನಾನು, ನೆಲದ ಮೇಲೆ ಮೊಣಕಾಲೂರಿ ರಾಗಿ ಗುಡಿಸುತ್ತಾ, ಅವರಿಗೆ ಹೇಳಬೇಕಾಯಿತು. ಅವರು ನಂಬಿದ ಹಾಗೆ ಕಾಣಲಿಲ್ಲ.

ಬಣ್ಣ ತೆಗೆಯಿರಿ. ಅಂಕಿಯೂ ಬೇಡ, ಬಣ್ಣವೂ ಬೇಡ, ಗೆರೆ, ಚುಕ್ಕಿ, ಹೂವು ಯಾವುದೂ ಬೇಡ. ಬರೀ ಮರ.

ಅಳತೆ ನೋಡಿ ಎಂದು ಬರೆದಿದ್ದೀರಿ. ಅಳತೆ ಕೊಟ್ಟವಳು ನಾನು. ನೋಡಬೇಕಾದವರು ನೀವು. ಮದ್ರಾಸಿನಲ್ಲಿ ಒಂದು ವರ್ಷ ಇದನ್ನೇ ಕಲಿತು ಬಂದಿದ್ದೇನೆ.

ವಾರಿಜಾ


ಚನ್ನಪಟ್ಟಣ
14-8-1979

ಮೇಡಂ ಅವರಿಗೆ ನಮಸ್ಕಾರ.

ಅರಗನ್ನು ಕೆರೆದು ತೆಗೆದಿದ್ದೇವೆ. ಮರ ಸವೆಯದ ಹಾಗೆ ನೋಡಿಕೊಂಡಿದ್ದೇವೆ. ಈಗ ಬರೀ ಮರ ಇದೆ. ಬರೀ ಮರ ಮಾಡಿದರೆ ಒಂದು ತೊಂದರೆ ಕಾಣಿಸಬಹುದು. ಕಾಣಿಸಿದರೆ ಬೈಯಬೇಡಿ.

ಅಪ್ಪ ಒಂದು ವಿಷಯ ಕೇಳಲು ಹೇಳಿದ್ದಾರೆ. ನಿಮ್ಮ ಶಾಲೆಯಲ್ಲಿ ಮಗು ತಪ್ಪು ಮಾಡಿದರೆ ಯಾರೂ ಏನೂ ಅನ್ನುವುದಿಲ್ಲವೇ? ಹೊಡೆಯುವುದು ಬೇಡ, ‘ತಪ್ಪು’ ಎಂದು ಬಾಯಲ್ಲಿಯೂ ಹೇಳುವುದಿಲ್ಲವೇ? ಹಾಗಾದರೆ ನೀವು ಇಡೀ ದಿನ ಏನು ಮಾಡುತ್ತೀರಿ ಎಂದು ಅಪ್ಪ ಕೇಳುತ್ತಿದ್ದಾರೆ. ಸಿಟ್ಟಾಗಬೇಡಿ.

ಸಂಜೀವಯ್ಯ


ಜಯನಗರ
27-8-1979

ಸಂಜೀವಯ್ಯನವರೇ,

ಇಡೀ ದಿನ ನಾನು ಏನು ಮಾಡುತ್ತೇನೆ ಎಂದು ಕೇಳಿದ್ದೀರಿ. ಕೈಕಟ್ಟಿ ಕೂರುತ್ತೇನೆ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಒಂದು ಮಗು ಹತ್ತು ನಿಮಿಷದಿಂದ ಗುಂಡಿಯನ್ನು ತಪ್ಪು ಕಾಜಕ್ಕೆ ತೂರಿಸುತ್ತಿರುತ್ತದೆ. ನನ್ನ ಬೆರಳು ತುರಿಸುತ್ತವೆ. ಹಾಕಿಕೊಟ್ಟರೆ ಅರೆ ಕ್ಷಣದ ಕೆಲಸ. ಆದರೂ ಕೂರುತ್ತೇನೆ. ಕೊನೆಯಲ್ಲಿ ಒಂದು ಕಾಜ ಉಳಿದಾಗ ಮಗು ತಾನೇ ಕೆಳಗೆ ನೋಡಿ, ಎಲ್ಲ ಬಿಚ್ಚಿ, ಮತ್ತೆ ಶುರುಮಾಡುತ್ತದೆ. ಆಗ ಅದರ ಮುಖ ನೋಡಬೇಕು. ಆ ಮುಖ ನೋಡಲೆಂದೇ ಈ ಶಾಲೆ ಇಟ್ಟಿದ್ದೇನೆ. ನಾನು ‘ತಪ್ಪು’ ಎಂದು ಹೇಳಿದ್ದರೆ ಅದು ನನ್ನ ಮುಖ ನೋಡುತ್ತಿತ್ತು.

ಇನ್ನು ನೀವು ಹೇಳಿದ ತೊಂದರೆ. ಕಾಣಿಸಿತು.

ಸೀನು ಈ ಸಲ ನಿಜವಾಗಿ ಕೂತ. ಅರ್ಧ ಗಂಟೆ ಕೂತ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಡಿಗೆಮನೆಯಲ್ಲಿ ಹಾಲು ಉಕ್ಕಿ ಹೋಗುತ್ತಿದ್ದರೂ ಏಳಲಿಲ್ಲ. ಆಮೇಲೆ ಅವನು ನಡುವಿನ ಎರಡು ಬಟ್ಟುಗಳನ್ನು ತೆಗೆದು, ಅದಲು ಬದಲು ಮಾಡಿ ಹಾಕಿ, ಮತ್ತೆ ತೆಗೆದು, ನನ್ನ ಹತ್ತಿರ ತಂದು, ‘ಆಂಟಿ, ಇವೆರಡೂ ಅವಳಿ ಜವಳಿನಾ?’ ಎಂದ.

ನೋಡಿದೆ. ಆರನೆಯದೂ ಏಳನೆಯದೂ ಒಂದೇ ದಪ್ಪ. ಗುಳಿಗಳೂ ಒಂದೇ. ಯಾವುದನ್ನು ಯಾವುದಕ್ಕೆ ಹಾಕಿದರೂ ಸರಿಯಾಗಿ ಕೂರುತ್ತದೆ. ಹತ್ತು ಮೆಟ್ಟಿಲಲ್ಲಿ ಎರಡು ಒಂದೇ ಎತ್ತರದಲ್ಲಿದ್ದರೆ ಅದು ಮೆಟ್ಟಿಲೇ?

ಈ ತೊಂದರೆ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅಂಕಿಯಿಂದ ಮುಚ್ಚಿದಿರಿ, ಬಣ್ಣದಿಂದ ಮುಚ್ಚಿದಿರಿ. ಮೂವತ್ತು ವರ್ಷ ಲೇತ್ ಮುಂದೆ ಕೂತ ಮನುಷ್ಯ ಅರ್ಧ ಸೆಂಟಿಮೀಟರ್ ತಪ್ಪುತ್ತಾನೆ ಎಂದರೆ ಕುಡಿದು ಕೂತಿರಬೇಕು, ಇಲ್ಲವೇ ‘ಚಿಕ್ಕ ಮಕ್ಕಳಿಗೆ ತಾನೇ, ನಡೆಯುತ್ತೆ’ ಎಂದುಕೊಂಡಿರಬೇಕು. ಎರಡನೆಯದಾದರೆ ನನಗೆ ಹೆಚ್ಚು ಸಿಟ್ಟು.

ವಾರಿಜಾ


ಚನ್ನಪಟ್ಟಣ
1-9-1979

ಮೇಡಂ ಅವರಿಗೆ ಅಣ್ಣಮ್ಮನ ನಮಸ್ಕಾರಗಳು.

ಇದು ಅಪ್ಪ ಹೇಳಿ ಬರೆಸಿದ ಕಾಗದವಲ್ಲ. ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿಲ್ಲ.

ಅಪ್ಪ ಕುಡಿಯುವುದಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನೀವು ಮೇ ತಿಂಗಳಲ್ಲಿ ಬಂದಾಗ ತೊಡೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರಲ್ಲ, ಅದರ ಕೆಳಗೆ ಆ ಕೈ ಇತ್ತು. ಕಾಫಿ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರೆಂದು ನೀವು ಏನಾದರೂ ಅಂದುಕೊಳ್ಳುತ್ತೀರೇನೋ ಎಂದು ಅವತ್ತೆಲ್ಲ ಕೊರಗಿದರು.

ನಿಮ್ಮ ದಿಮ್ಮಿ ಮಾಡಿದವಳು ನಾನು. ಅಂಕಿ ಕೊರೆದವಳು ನಾನು, ಅರಗು ಹಾಕಿದವಳು ನಾನು. ನಮ್ಮ ಬೀದಿಯಲ್ಲಿ ಹೆಂಗಸರು ಅರಗು ಹಚ್ಚುತ್ತಾರೆ, ಉಳಿ ಹಿಡಿದು ಲೇತ್ ಮುಂದೆ ಕೂರುವುದಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟರು, ನಾನು ಕಡೆದೆ. ‘ಉಳಿ ಒತ್ತಬೇಡ, ಅದೇ ತಿನ್ಲಿ ಬಿಡು’ ಎನ್ನುತ್ತಿದ್ದರು. ಇದು ತಿಳಿದ ಮೇಲೆ ಬೇರೆ ಅಂಗಡಿಯವರು ಕೆಲಸ ಕೊಡುವುದನ್ನು ನಿಲ್ಲಿಸಿದರು. ನಿಮಗೆ ತಿಳಿದಿರಲಿಲ್ಲ, ಅದಕ್ಕೆ ನಿಮ್ಮ ಕೆಲಸ ಉಳಿದಿತ್ತು.

ಚಿಕ್ಕ ಮಕ್ಕಳಿಗೆ ತಾನೇ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ.

ಇಂತಿ,
ಅಣ್ಣಮ್ಮ


ಜಯನಗರ
8-9-1979

ಪ್ರಿಯ ಅಣ್ಣಮ್ಮ,

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು. ನಿನ್ನ ತಂದೆಯ ಬಗ್ಗೆ ಹಾಗೆ ಬರೆಯಬಾರದಿತ್ತು. ಅವರಿಗೆ ಓದಿ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಆ ಕಾಗದವನ್ನು ಒಲೆಗೆ ಹಾಕು.

ಈಗ ಎಲ್ಲ ಅರ್ಥವಾಯಿತು. ಅನುಭವವಿಲ್ಲದ ಕೈ. ಆರು ಏಳರ ಅಳತೆ ಹೇಗೆ ತಪ್ಪಿತು ಎಂದು ಇನ್ನು ಕೇಳುವುದಿಲ್ಲ. ಇಷ್ಟರ ಮಟ್ಟಿಗೆ ಮಾಡಿದ್ದೇ ಹೆಚ್ಚು. ನೀನು ಇನ್ನೂ ಚಿಕ್ಕವಳು, ಇಷ್ಟು ನಿಖರವಾದ ಕೆಲಸವನ್ನು ನಿನ್ನ ತಲೆಗೆ ಕಟ್ಟಿದ್ದು ನನ್ನದೇ ತಪ್ಪು. ಸದ್ಯಕ್ಕೆ ಬುಗುರಿ, ಗಿಲಕಿ ಇಂಥವನ್ನು ಮಾಡಿ ಕೈ ಪಳಗಿಸಿಕೋ. ಒಂದು ಡಜನ್ ಬುಗುರಿ ನಾನೇ ತೆಗೆದುಕೊಳ್ಳುತ್ತೇನೆ.

ನಾಲ್ಕು ದಿಮ್ಮಿಗಳನ್ನೂ ಮದ್ರಾಸಿನವರಿಗೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ. ರಜೆ ಮುಗಿದರೆ ಹತ್ತೊಂಬತ್ತು ಮಕ್ಕಳು, ನನಗೂ ಬೇರೆ ದಾರಿ ಇಲ್ಲ. ನಾನು ಕೊಟ್ಟ ನಕ್ಷೆಯನ್ನು ವಾಪಸು ಕಳಿಸು. ಅವರಿಗೆ ಅದನ್ನೇ ಕಳಿಸಬೇಕು, ನನ್ನ ಬಳಿ ಇನ್ನೊಂದಿಲ್ಲ.

ನಿನ್ನ
ವಾರಿಜಾ


ಚನ್ನಪಟ್ಟಣ
15-9-1979

ಮೇಡಂ ಅವರಿಗೆ ನಮಸ್ಕಾರ.

ನಕ್ಷೆಯನ್ನು ಕಳಿಸಿದ್ದೇನೆ. ಮಡಿಕೆ ಹರಿದಿದ್ದ ಕಡೆ ಹಿಂದಿನಿಂದ ಕಾಗದ ಅಂಟಿಸಿದ್ದೇನೆ. ಬೇರೇನೂ ಮಾಡಿಲ್ಲ, ಪೆನ್ಸಿಲ್ಲೂ ಮುಟ್ಟಿಸಿಲ್ಲ.

ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಆ ವರ್ಷ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಭಾಗಾಕಾರ ಬರೆದರು. ಅದು ತಪ್ಪಿತ್ತು. ನಾನು ಎದ್ದು ನಿಂತು ‘ತಪ್ಪಾಗಿದೆ ಸಾರ್’ ಎಂದೆ. ‘ದೊಡ್ಡ ಇಂಜಿನೀರಮ್ಮ ಬಂದ್ಬಿಟ್ಲು’ ಎಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ತಿರುಗಿ ಬೋರ್ಡು ನೋಡಿ, ಸುಮ್ಮನೆ ಒರೆಸಿ, ಸರಿಯಾಗಿ ಬರೆದರು. ನನ್ನನ್ನು ಇಳಿಸುವುದನ್ನು ಮರೆತರು. ಗಂಟೆ ಹೊಡೆಯುವವರೆಗೂ ನಿಂತಿದ್ದೆ. ಅಂದಿನಿಂದ ಓದಿದವರ ಮುಂದೆ ನಾನು ಬಾಯಿ ಬಿಡುವುದಿಲ್ಲ.

ಜೂನ್ ತಿಂಗಳಲ್ಲೇ ಅಪ್ಪನನ್ನು ಕೇಳಿದೆ. ‘ಮದ್ರಾಸಲ್ಲಿ ಓದಿರೋರು ಬರೆದಿರೋದು, ತಿದ್ದೋಕೆ ನಾವ್ಯಾರು? ಏನೋ ಕಾರಣ ಇರುತ್ತೆ’ ಎಂದರು. ನನಗೂ ಹಾಗೇ ಅನ್ನಿಸಿತು. ಮಕ್ಕಳಿಗೆ ಯಾವುದು ಯಾವುದರಲ್ಲಿ ಎಂದು ತಿಳಿಯದೆ ಹೋಗುತ್ತದೆ ಎಂದು ಮೊದಲು ಅಂಕಿ ಹಾಕಿದೆ. ಆಮೇಲೆ ಬಣ್ಣ ಹಾಕಿದೆ. ನನಗೆ ತಿಳಿದ ದಾರಿ ಅಷ್ಟೇ.

ನಕ್ಷೆಯ ಜೊತೆ ಒಂದು ಬಟ್ಟು ಇಟ್ಟಿದ್ದೇನೆ. ಮೊನ್ನೆ ಕಡೆದದ್ದು. ದಿಮ್ಮಿಯಲ್ಲಿರುವ ಬಟ್ಟುಗಳನ್ನೆಲ್ಲ ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿ. ಇದನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಇದಕ್ಕೆ ಗುಳಿ ಇಲ್ಲ. ಯಾಕೆ ಇಲ್ಲ ಎಂದು ನಾನು ಹೇಳುವುದಿಲ್ಲ. ತಪ್ಪನ್ನು ಯಾರೂ ತೋರಿಸಬಾರದು ಎಂದು ನೀವು ಬರೆದಿದ್ದೀರಿ.

ಬುಗುರಿ ನಾನು ಮಾಡುವುದಿಲ್ಲ. ಬುಗುರಿ ಮಾಡಲು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಂತಿ,
ಅಣ್ಣಮ್ಮ


ಜಯನಗರ
22-9-1979

ಅಣ್ಣಮ್ಮ,

ನಿನ್ನ ಪಾರ್ಸೆಲ್ ಸೋಮವಾರ ಬಂತು. ಓದಿದೆ. ಕೋಪ ಬಂತು. ‘ನಾಲ್ಕನೆಯ ಕ್ಲಾಸು ಓದಿದ ಹುಡುಗಿ ನನಗೇ ಪಾಠ ಹೇಳುತ್ತಾಳಲ್ಲ’ ಎಂದುಕೊಂಡು ಬಟ್ಟನ್ನು ಕಪಾಟಿನ ಮೇಲಿಟ್ಟೆ. ಮಂಗಳವಾರ ಮುಟ್ಟಲಿಲ್ಲ.

ಬುಧವಾರ ಮಕ್ಕಳು ಮನೆಗೆ ಹೋದ ಮೇಲೆ ಚಾಪೆ ಹಾಸಿ ಕೂತೆ. ನೀನು ಹೇಳಿದ ಹಾಗೆಯೇ ಬಟ್ಟುಗಳನ್ನು ಸಾಲಾಗಿ ನಿಲ್ಲಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಚೆನ್ನಾಗಿ ಇಳಿದವು. ಏಳನೆಯದು ಆರರ ಪಕ್ಕ ಅದೇ ದಪ್ಪ. ಎಂಟನೆಯದು ಒಮ್ಮೆಲೇ ಸಣ್ಣ, ಅಲ್ಲಿ ಕಣ್ಣು ಎಡವುತ್ತದೆ. ನಿನ್ನ ಹೊಸ ಬಟ್ಟನ್ನು ಏಳರ ಜಾಗದಲ್ಲಿ ನಿಲ್ಲಿಸಿದೆ. ಮೆಟ್ಟಿಲು ಸರಿಯಾಯಿತು. ಆಗಲೂ ನಿನ್ನ ಕೈ ತಪ್ಪಿದ್ದನ್ನು ನೀನೇ ತಿದ್ದಿ ಕಳಿಸಿದ್ದೀಯ ಎಂದುಕೊಂಡೆನೇ ಹೊರತು ಬೇರೆ ಹೊಳೆಯಲಿಲ್ಲ. ಎಷ್ಟು ದಪ್ಪ ತಲೆ ನೋಡು.

ಕೊನೆಗೆ ನಕ್ಷೆ ಬಿಚ್ಚಿದೆ. ಆರನೆಯ ಗುಳಿ: 3.0. ಏಳನೆಯ ಗುಳಿ: 3.0. ಎಂಟನೆಯದು: 2.0. ನನ್ನ ಅಕ್ಷರ. ತರಬೇತಿಯ ನೋಟ್‌ಬುಕ್ ತೆಗೆದು ನೋಡಿದರೆ ಏಳನೆಯದು 2.5 ಎಂದಿದೆ. ನಾನೇ ನಕಲು ಮಾಡುವಾಗ ಒಂದು ಸಾಲನ್ನು ಎರಡು ಸಲ ಬರೆದಿದ್ದೇನೆ.

ನೀನು ಅಳತೆ ನೋಡಿ ಎಂದು ಜುಲೈನಲ್ಲೇ ಬರೆದಿದ್ದೆ. ಮದ್ರಾಸಿನಲ್ಲಿ ಕಲಿತಿದ್ದೇನೆ ಎಂದು ನಾನು ಉತ್ತರ ಬರೆದೆ. ಹನ್ನೊಂದು ಮಕ್ಕಳಿಗೆ ತಾಳ್ಮೆ ತೋರಿಸಲು ನನಗೆ ಬರುತ್ತದೆ. ದೊಡ್ಡವರು ಏನಾದರೂ ಹೇಳಿದರೆ ಕೇಳಿಸಿಕೊಳ್ಳಲು ಬರುವುದಿಲ್ಲ ಎಂದು ನನ್ನ ಯಜಮಾನರು ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಅವರಿಗೆ ಈ ಕಾಗದ ತೋರಿಸುವುದಿಲ್ಲ.

ದೊಡ್ಡದಾಗಿ ಕೊರೆದ ಗುಳಿ ಸಣ್ಣದಾಗುವುದಿಲ್ಲ, ಗೊತ್ತು. ಹೊಸ ದಿಮ್ಮಿಯೇ ಆಗಬೇಕು. ಮದ್ರಾಸಿಗೆ ಬೇಡ ಎಂದು ಬರೆದು ಹಾಕಿದ್ದೇನೆ. ನಾಲ್ಕು ದಿಮ್ಮಿಗಳನ್ನೂ ನೀನೇ ಮಾಡಬೇಕು. ಇದನ್ನು ನಿನ್ನ ಚಿಕ್ಕಪ್ಪನಿಗೆ ಓದಿ ಹೇಳು. ಕೆಲಸ ಕೊಟ್ಟಿರುವುದು ಅಣ್ಣಮ್ಮನಿಗೆ, ಅವಳು ಕಡೆದದ್ದನ್ನು ನೋಡಿಯೇ ಕೊಟ್ಟಿದ್ದೇನೆ ಎಂದೂ ಓದು. ರಜೆ ಮುಗಿಯುವುದರೊಳಗೆ ಒಂದಾದರೂ ಬಂದರೆ ಸಾಕು. ಉಳಿದವು ಬರುವವರೆಗೆ ಹೊಸ ಮಕ್ಕಳು ರಾಗಿ ಚೆಲ್ಲುತ್ತಿರಲಿ.

ನಾಲ್ಕರ ನಕ್ಷೆಗಳನ್ನೂ ಹೊಸದಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ವಾರಿಜಾ


ಚನ್ನಪಟ್ಟಣ
5-10-1979

ವಾರಿಜಾ ಮೇಡಂ ಅವರಿಗೆ,

ಕಾಗದವನ್ನು ಚಿಕ್ಕಪ್ಪನಿಗೆ ಎರಡು ಸಲ ಓದಿದೆ. ಮೊದಲನೆಯ ಸಲ ಅವರು ನಂಬಲಿಲ್ಲ. ಲೇತ್ ಇಲ್ಲೇ ಇದೆ. ಆಯುಧಪೂಜೆಯ ದಿನ ಅಪ್ಪ ಎಡಗೈಯಲ್ಲೇ ಅದಕ್ಕೆ ಕುಂಕುಮ ಇಟ್ಟರು. ಚಿಕ್ಕಪ್ಪ ಬಂದು ಪ್ರಸಾದದ ಚರುಪು ತಿಂದು ಹೋದರು. 

ಮೊದಲನೆಯ ದಿಮ್ಮಿ ಈ ಕಾಗದದ ಜೊತೆಗೇ ಬರುತ್ತಿದೆ. ಬರೀ ಮರ.

ಇನ್ನು ಉಳಿದ ನಕ್ಷೆಗಳು. ಎರಡನೆಯದು ಸರಿ ಇದೆ. ಮೂರನೆಯದರಲ್ಲಿ ನಾಲ್ಕನೆಯ ಗುಳಿಯ ಆಳವನ್ನೇ ಬರೆದಿಲ್ಲ, ಜಾಗ ಖಾಲಿ ಇದೆ. ನಾಲ್ಕನೆಯದರಲ್ಲಿ ಒಂಬತ್ತು ಹತ್ತು ಅದಲು ಬದಲಾಗಿವೆ. ದಿಮ್ಮಿಯ ಉದ್ದ ಒಂದು ಕಡೆ ಐವತ್ತೈದು, ಇನ್ನೊಂದು ಕಡೆ ಐವತ್ತೇಳು. ಯಾವುದು ನಿಜ? ಊಹೆಯ ಮೇಲೆ ನಾನು ಉಳಿ ಹಿಡಿಯುವುದಿಲ್ಲ. ನೀವಾಗಿಯೇ ಕಂಡುಕೊಳ್ಳಲಿ ಎಂದು ಈ ಸಲವೂ ಕಾದರೆ ಸಂಕ್ರಾಂತಿ ಬರುತ್ತದೆ, ಅದಕ್ಕೇ ನೇರವಾಗಿ ಬರೆದಿದ್ದೇನೆ.

ಎರಡು ನಕ್ಷೆಗಳನ್ನೂ ವಾಪಸು ಕಳಿಸಿದ್ದೇನೆ. ಹಾಲು ಒಲೆಯ ಮೇಲೆ ಇಲ್ಲದ ಹೊತ್ತು ನೋಡಿ ಕೂತು, ಸ್ಕೇಲ್ ಇಟ್ಟು, ನಿಧಾನವಾಗಿ ಬರೆಯಿರಿ. ಆಮೇಲೆ ಇನ್ನೊಬ್ಬರ ಕೈಯಲ್ಲಿ ಓದಿಸಿ.

ಅಣ್ಣಮ್ಮ